ಕಪ್ಪು ಪರದಿ ಮ್ಯಾಲ ಲಾಲಬಿ

೧೧ ನವೆಂಬರ್, ಮಂಗಳವಾರ. ಗಜೇಂದ್ರಗಡ.

ಆ ಚೌಕಡಿ ಗುರುತುಗಳು ಇನ್ನೂ ಕಣ್ಣಾಗ ಕುಣ್ಯಾಕತ್ತಾವು.

ನಮ್ಮ ನೇಕಾರರ ಸಂಘದ ಸೀರಿಗೆ ನೇಯ್ದವರ ಹೆಸರಿನ ಚೀಟಿ ಹಚ್ಚಬೇಕಂತ ಹಟಾ ಹಿಡದಾಕಿ ನಾನ. ಚೀಟಿ ತಗಿಯೋ ಪ್ರೋಗ್ರಾಂ ಬರದಾಕಿನೂ ನಾನ. ಇವತ್ತ ನಡಿಸಿದ್ರ, ಕಂಪ್ಯೂಟರಿನ ಕಪ್ಪು ಪರದಿ ಮ್ಯಾಲ, ನನಗ ಚಿಕ್ಕವ್ವನಂಥ ನೇಕಾರ್ತಿ ಲಾಲಬಿ ಖಾಲಾನ ಹೆಸರಿನ ಜಾಗಾದಾಗ α▓▓α▓╛α▓▓α▓¼α▓┐!

"ನಾಳೆ ಮುಂಜಾನೆ ಮಾಲ ಹೋಗತೈತಿ. ಹೆಸರ ಬ್ಯಾಡ, ನಂಬರ ಸಾಕ ತಗಿ" ಅಂದ್ರು ಕಾರ್ಯದರ್ಶಿ. ಮೈ ಉರೀತು.

ಬಾಜೂಕ ಕುಂತಿದ್ದ ಖಾಲಾ ನಕ್ರು. "ಜಬೀನಾ, ಇದೇನ ನನ್ನ ಹೆಸರೋ, ಸೀರಿ ದಡಿಯೋ?"

ಖರೇನ, ದಡಿಯಂಗ ಒಂದ ನಮೂನಿ ಮತ್ತ ಮತ್ತ ಬಂದಿತ್ತು. ಆಗ ಹೊಳೀತು. ಕನ್ನಡದ ಒಂದೊಂದ ಗುರುತೂ ಒಳಗ ಮೂರ ಮೂರ ಅಂಕಿಯಾಗಿ ಕುಂತಿರತೈತಿ. ಈ ಪರದಿ ಒಂದೊಂದ ಅಂಕಿಗೂ ಬ್ಯಾರೆ ಬ್ಯಾರೆ ಚಿತ್ರ ತಗದಿತ್ತು. ಮೂರೂ ಅಂಕಿ ಕೂಡಿಸಿ ಒಂದ ಗುರುತ ಮಾಡೋ ಯುಟಿಎಫ್-8 ಪ್ರಕಾರ ಓದಂತ ಪರದಿಗೆ ಒಂದ ಸಾಲಿನ ಅಪ್ಪಣಿ ಕೊಟ್ಟೆ, ಅಷ್ಟ. ಹೆಸರಿಗೆ ಕೈ ಸೈತ ಹಚ್ಚಲಿಲ್ಲ.

ಲಾಲಬಿ ಅಂತ ಬಂದ ಕುಂತಬಿಡ್ತು!

"ಅಂದ್ರ ಆ ದಡಿಯೊಳಗ ಮದಲಿಂದ ನಾನ ಇದ್ನೇನ?"

"ಪೂರಾ ಇದ್ರಿ ಖಾಲಾ."

ಮಗ್ಗದಿಂದ ಇಳಿಸಿದ ಸೀರಿ ಸವರಿದಂಗ ಪರದಿ ಸವರಿದ್ರು.

ಈಗ ಕಂಪ್ಯೂಟರ ಆರಿಸೇನಿ. ಆ ಕತ್ತಲದಾಗೂ ಅವರ ಹೆಸರ ಪೂರಾ ಐತಿ.