ಫಿಜಿಕ್ಸ್ ಪೇಪರಿನ ದಿನ

ಖಾನಾಪುರ
ರವಿವಾರ

ಮೇಘಾ,

ನಮ್ಮ ಮನೆಯಲ್ಲಿದ್ದಾಗ ಒಂದು ಮಧ್ಯಾಹ್ನ ನೀನು ನನ್ನನ್ನು ಕೇಳಿದ್ದೆ. "ಆವತ್ತ ದೇಸೂರದಾಗ ನಾ ಹೆಂಗ ಕಾಣತಿದ್ದೆ? ಖರೇ ಹೇಳ. ನನಗ ಏನೂ ನೆನಪಿಲ್ಲ." ನಾನು ಎಮ್ಮೆಗೆ ನೀರು ಇಡಬೇಕೆಂದು ನೆಪ ಹೇಳಿ ಎದ್ದು ಹೋದೆ. ಎದುರಿಗೆ ಕೂತು ಹೇಳಲು ನನಗೆ ಈಗಲೂ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಿಬ್ಬರ ಹೆಸರೂ ಒಂದೇ ಅಕ್ಷರದಿಂದ ಶುರುವಾಗುವುದರಿಂದ ಪಿಯುಸಿ ಪರೀಕ್ಷೆಯಲ್ಲೂ ನಮ್ಮ ನಂಬರು ಹತ್ತಿರ ಹತ್ತಿರ ಬಂದವು. ಪರೀಕ್ಷೆ ಇದ್ದದ್ದು ಬೆಳಗಾವಿಯಲ್ಲೇ, ಆದರೆ ಬೇರೆ ಕಾಲೇಜಿನಲ್ಲಿ. ಗುರುತಿಲ್ಲದ ಕೋಣೆ, ಮೂಲೆಯಲ್ಲಿ ಕ್ಯಾಮೆರಾ. ಫಿಜಿಕ್ಸ್ ಪೇಪರಿನ ದಿನ ಗೇಟಿನ ಮುಂದೆ ಹುಡುಗಿಯರು ಯಾವ ಡೆರಿವೇಶನ್ ಬರುತ್ತದೆ ಎಂದು ಒಬ್ಬರನ್ನೊಬ್ಬರು ಹೆದರಿಸುತ್ತಾ ನಿಂತಿದ್ದರು. ನೀನು ಗೋಡೆಗೆ ಒರಗಿ ತುಟಿ ಅಲ್ಲಾಡಿಸುತ್ತಿದ್ದೆ. ಕಣ್ಣು ಕೆಂಪಗಿದ್ದವು. ಒಂದು ವಾರದಿಂದ ನೀನು ಸರಿಯಾಗಿ ಮಲಗಿಲ್ಲವೆಂದು ನನಗೆ ಗೊತ್ತಿತ್ತು. "ನಾಷ್ಟಾ ಮಾಡೀಯೇನು?" ಎಂದೆ. "ಬ್ಯಾಡ, ವಾಂತಿ ಬಂದಂಗ ಆಗತೈತಿ," ಎಂದೆ ನೀನು.

ನೀನು ನನ್ನ ಬಾಜು ಸಾಲಿನಲ್ಲಿ, ಒಂದು ಬೆಂಚು ಮುಂದೆ ಕೂತಿದ್ದೆ. ಪೇಪರು ಕೈಗೆ ಬಂದ ಮೇಲೆ ನಾನು ನನ್ನ ಪಾಡಿಗೆ ಬರೆಯತೊಡಗಿದೆ. ಸ್ವಲ್ಪ ಹೊತ್ತಿಗೆ ಟಕಟಕ ಎಂಬ ಸದ್ದು ಕೇಳಿಸಿತು. ತಲೆ ಎತ್ತಿದರೆ ನಿನ್ನ ಪೆನ್ನು. ನೀನು ಬೇಕಂತ ಬಡಿಯುತ್ತಿರಲಿಲ್ಲ. ಕೈ ನಡುಗಿ ಪೆನ್ನಿನ ತುದಿ ಬೆಂಚಿಗೆ ತಾಗುತ್ತಿತ್ತು. ಸುತ್ತ ಯಾರಾದರೂ ಹಾಳೆ ಮಗುಚಿದರೆ ಸಾಕು, ನಿನ್ನ ಹೆಗಲು ಬೆಚ್ಚುತ್ತಿತ್ತು. ಇಡೀ ಕಾಲೇಜಿಗೇ ಮೊದಲ ನಂಬರು ಬರುತ್ತಿದ್ದವಳು ನೀನು. ನನಗೆ ಫಿಜಿಕ್ಸ್ ತಲೆಗೆ ಹತ್ತಿದ್ದೇ ನಿನ್ನಿಂದ. ಆ ನಿನ್ನ ಮುಂದಿನ ಹಾಳೆ ಖಾಲಿ ಇತ್ತು.

ಮೇಲ್ವಿಚಾರಕಿ ಬಂದು ಬಗ್ಗಿ ಕೇಳಿದರು, "ಆರಾಮ ಇಲ್ಲೇನವಾ?" ನೀನು ಅವರನ್ನು ನೋಡಿದೆ, ಆದರೆ ಅವರು ನಿನಗೆ ಕಂಡಂತಿರಲಿಲ್ಲ. ಪರೀಕ್ಷೆ ಮುಗಿಯುವ ಮೊದಲೇ ಹೊರಗೆ ಬಿಡುವ ಹೊತ್ತಾಗುತ್ತಲೇ ಎದ್ದೆ, ಉತ್ತರದ ಹಾಳೆ ಕೊಟ್ಟೆ, ಹೋದೆ. ನನ್ನ ಬೆಂಚು ದಾಟುವಾಗ ನಿನ್ನ ಓಢಣಿ ನನ್ನ ಮೊಣಕೈಗೆ ತಾಗಿತು. ಆಮೇಲೆ ನಾನು ಏನು ಬರೆದೆನೋ ನನಗೇ ನೆನಪಿಲ್ಲ.

ಪರೀಕ್ಷೆ ಬಿಟ್ಟಾಗ ಎಲ್ಲರೂ ವರಾಂಡದಲ್ಲಿಟ್ಟಿದ್ದ ತಮ್ಮ ತಮ್ಮ ಬ್ಯಾಗು ತೆಗೆದುಕೊಂಡು ಹೋದರು. ಕೊನೆಗೆ ಒಂದು ಉಳಿಯಿತು. ನಿನ್ನದು. ಮೊಬೈಲು, ನೀರಿನ ಬಾಟಲಿ, ನಿನ್ನವ್ವ ಕಟ್ಟಿಕೊಟ್ಟ ಡಬ್ಬಿ ಎಲ್ಲ ಅದರಲ್ಲೇ ಇದ್ದವು. ನಾನು ಹಿಂದವಾಡಿಯ ನಿಮ್ಮ ಮನೆಗೆ ಫೋನು ಮಾಡಿದೆ. ಶಿವಬಸವ್ವ ಕಾಕು ನಗುತ್ತಲೇ ಎತ್ತಿ, "ಹೆಂಗ ಆತ ಪೇಪರ? ಮೇಘಾಗ ಕೊಡ," ಎಂದರು. ನಿನ್ನ ಅವ್ವನ ಆ ನಗು ಇನ್ನೂ ಕಿವಿಯಲ್ಲಿದೆ.

ರವಿವಾರ ಪೇಟೆಯ ಬೆಲ್ಲದ ಅಂಗಡಿಯಿಂದ ನಿನ್ನಪ್ಪ ಈರಯ್ಯ ಕಾಕಾ ಬೆಲ್ಲ ಅಂಟಿದ ಕೈಯಲ್ಲೇ ಓಡಿ ಬಂದರು. ಬ್ಯಾಗು ನೋಡಿದರು. ರಿಕ್ಷಾ ಹತ್ತಿ, "ಕೋಟೆ ಕೆರಿ ಕಡೆ ನಡೀರಿ," ಎಂದರು. ಕೆರೆಗೆ ಯಾಕೆ ಎಂದು ರಿಕ್ಷಾದವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ನಾನು ರೈಲು ಸ್ಟೇಶನ್ನಿಗೆ ನಡೆದೆ. ಪ್ರಿಪರೇಟರಿ ಪರೀಕ್ಷೆಯ ಹೊತ್ತಿನಲ್ಲಿ ನೀನು ಒಮ್ಮೆ, "ಎಲ್ಲಾ ಬಿಟ್ಟು ನಿಮ್ಮೂರಿಗೆ ಹೋಗಿಬಿಡೂಣು," ಎಂದಿದ್ದೆ. ಅದೊಂದೇ ಆಸೆ ನನಗೆ. ಖಾನಾಪುರದ ಗಾಡಿ ಹತ್ತಿ ಬಾಗಿಲಲ್ಲೇ ನಿಂತೆ. ಊರು ದಾಟಿದ ಮೇಲೆ ಹಳಿಯ ಪಕ್ಕ ನೋಡಬಾರದೆಂದುಕೊಂಡೆ, ಆದರೂ ನೋಡುತ್ತಲೇ ಇದ್ದೆ. ಪೊದೆಗೆ ಸಿಕ್ಕಿದ್ದ ಯಾರದೋ ಬಟ್ಟೆ ಕಂಡು ಎದೆ ಒಡೆದಂತಾಯಿತು. ಸೀರೆಯ ತುಂಡು ಅದು.

ನಡುವಿನ ಸಣ್ಣ ಸ್ಟೇಶನ್ ದೇಸೂರಿನಲ್ಲಿ ಗಾಡಿ ನಿಂತಿತು. ಪ್ಲಾಟ್‌ಫಾರ್ಮಿನ ತುದಿಯ ಕಲ್ಲುಬೆಂಚಿನ ಮೇಲೆ ನೀನಿದ್ದೆ.

ಈಗ ನೀನು ಕೇಳಿದ್ದಕ್ಕೆ ಹೇಳುತ್ತೇನೆ. ನೀನು ಪರೀಕ್ಷೆಗೆ ಕೂತವಳಂತೆಯೇ ಕೂತಿದ್ದೆ. ಬೆನ್ನು ನೆಟ್ಟಗೆ, ತೊಡೆಯ ಮೇಲೆ ಪ್ರಶ್ನೆಪತ್ರಿಕೆ, ಬೆರಳ ನಡುವೆ ಪೆನ್ನು. ಬಿಸಿಲು ನೇರ ಮುಖಕ್ಕೆ ಬಡಿಯುತ್ತಿದ್ದರೂ ನಿನ್ನ ಕೈ ತಣ್ಣಗಿತ್ತು. ನಾನು ಹೆಸರು ಹಿಡಿದು ಕರೆದೆ, ಅಲುಗಾಡಿಸಿದೆ. ಬಹಳ ಹೊತ್ತಿಗೆ ನನ್ನ ಕಡೆ ತಿರುಗಿ ಕೇಳಿದೆ, "ಟೈಮ ಮುಗೀತೇನ?"

ನಿನ್ನನ್ನು ಹುಡುಕುವಾಗ ಇರದಷ್ಟು ಹೆದರಿಕೆ ನನಗೆ ಆ ಮಾತು ಕೇಳಿದಾಗ ಆಯಿತು. ಸಿಕ್ಕವಳು ನೀನೇ ಹೌದೋ ಅಲ್ಲವೋ ಎನಿಸಿತು. ಫೋನು ಮಾಡಿ ಕರೆದ ಮೇಲೆ ಕಾಕಾ ಬಂದು ಮುಟ್ಟುವವರೆಗೆ ನಿನ್ನ ಮಣಿಕಟ್ಟು ಬಿಡಲಿಲ್ಲ. ಸಂಜೆ ಸ್ನಾನ ಮಾಡುವಾಗ ನೀನು ನೋಡಿಕೊಂಡ ಕೆಂಪು ಗುರುತುಗಳು ನನ್ನ ಬೆರಳಿನವು. ಕಾಕಾ ನಿನ್ನ ಪಕ್ಕ ಕೂತು ಒಂದೇ ಮಾತು ಹೇಳಿದರು. "ಮಾರ್ಕ್ಸ ಬ್ಯಾಡವಾ. ನೀ ಮಾತಾಡು, ಸಾಕು."

ಮುಂದಿನ ಪೇಪರುಗಳಿಗೆ ನೀನು ಹೋಗಲಿಲ್ಲ. ಮನಸ್ಸಿನ ಡಾಕ್ಟರ್ ನೇತ್ರಾ ಅವರ ಹತ್ತಿರ ಕರೆದೊಯ್ದಾಗ ಅವರು ನಿನಗೆ ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ. "ಓದಿದ್ದು ಎಲ್ಲೂ ಹೋಗಿಲ್ಲ. ನಿದ್ದಿ ಇಲ್ಲ, ಹೊಟ್ಟಿಗಿಲ್ಲ, ಮ್ಯಾಲ ಒಂದೂ ತಪ್ಪಬಾರದಂತ ಹಟ. ಮೈ ಓಡಿ ಹೋಗಾಕ ತಯಾರಾಗಿ ನಿಂತಾಗ ತಲಿ ಲೆಕ್ಕಾ ಮಾಡೂದಿಲ್ಲ. ಓದೂದು ಬ್ಯಾರೆ, ಪರೀಕ್ಷಾ ಬರಿಯೂದು ಬ್ಯಾರೆ. ಅದನ್ನೂ ರೂಢಿ ಮಾಡ್ಕೋಬೇಕು." ಸ್ವಲ್ಪ ದಿನ ಮನೆ ಬದಲಾಗಲಿ ಎಂದೂ ಅವರೇ ಹೇಳಿದರು. ಹಾಗೆ ನೀನು ನಮ್ಮಲ್ಲಿಗೆ ಬಂದೆ. ನಮ್ಮ ಅಜ್ಜಿ ಸತ್ಯವ್ವ ನಿನ್ನನ್ನು ಏನೂ ಕೇಳಲಿಲ್ಲ. ಕತ್ತಲಾಗುತ್ತಲೇ ರೊಟ್ಟಿ ಹಾಕಿ, "ಉಂಡು ಮಲಕೋ," ಎನ್ನುತ್ತಿದ್ದಳು. ಅಷ್ಟೇ.

ನನ್ನ ಸೋದರಮಾವ ಲಕ್ಷ್ಮಪ್ಪ ಮಾಸ್ತರರ ಸಾಲೆಯ ಖಾಲಿ ಕೋಣೆಯಲ್ಲಿ ನಾವು ಸುಳ್ಳು ಪರೀಕ್ಷೆ ಶುರು ಮಾಡಿದೆವು. ಮಾವ ಮುಖ ಗಂಟಿಕ್ಕಿಕೊಂಡು ಪೇಪರು ಹಂಚಿ, ನಿಜವಾಗಿಯೂ ಗಂಟೆ ಬಾರಿಸಿದರು. ನಾನು ಬೇಕಂತಲೇ ಜೋರಾಗಿ ಹಾಳೆ ಮಗುಚಬೇಕಿತ್ತು, ಡಾಕ್ಟರು ಹಾಗೇ ಹೇಳಿದ್ದರು. ಮೊದಲ ದಿನ ಎರಡು ಸಲ ಮಗುಚುವಷ್ಟರಲ್ಲಿ ನೀನು ಮೈದಾನಕ್ಕೆ ಓಡಿ ಹೋಗಿ ಕಾರಿಕೊಂಡೆ. ಇದೆಲ್ಲ ಬೇಡ, ನಿನ್ನನ್ನು ನಾವೇ ಮತ್ತೆ ಅಲ್ಲಿಗೆ ತಳ್ಳುತ್ತಿದ್ದೇವೆ ಎಂದು ನಾನು ಅತ್ತೆ. ನೀನೇ ಬಾಯಿ ಒರೆಸಿಕೊಂಡು, "ನಾಳೆ ಮತ್ತ ಮಾಡೂಣು," ಎಂದೆ.

ಡಾಕ್ಟರು ಕಲಿಸಿದ್ದನ್ನು ದಿನಾ ಮಾಡಿದೆವು. ಕಣ್ಣಿಗೆ ಕತ್ತಲೆ ಬಂದರೆ ಪೆನ್ನು ಕೆಳಗಿಡುವುದು. ಪಾದ ನೆಲಕ್ಕೆ ಒತ್ತಿ ಉಸಿರು ನಿಧಾನ ಬಿಡುವುದು. ಪೇಪರು ಪೂರ್ತಿ ಓದಿ ಬರುವ ಪ್ರಶ್ನೆಗೆ ಗುರುತು ಹಾಕಿ, ಎಲ್ಲಕ್ಕಿಂತ ಸಣ್ಣದರಿಂದ ಶುರು ಮಾಡುವುದು. ಒಂದು ಕಡೆ ಸಿಕ್ಕಿಬಿದ್ದರೆ ಅಲ್ಲೇ ಕೂರಬಾರದು. ಈ ಕೊನೆಯದು ಮಾತ್ರ ನಿನಗೆ ಬರಲಿಲ್ಲ. ಒಂದು ಲೆಕ್ಕ ತಪ್ಪಿದರೆ ಗಂಟೆ ಹೊಡೆಯುವವರೆಗೂ ಅದನ್ನೇ ಅಗೆಯುತ್ತಿದ್ದೆ. ಮಾವ ತಲೆ ಅಲ್ಲಾಡಿಸುತ್ತಿದ್ದರು.

ತಪ್ಪಿಸಿಕೊಂಡವರಿಗೆಂದು ಮತ್ತೆ ಇಡುವ ಎರಡನೆಯ ಪರೀಕ್ಷೆಗೂ ಅದೇ ಕಾಲೇಜು ಬಂತು. ನಿನ್ನೆ ಫಿಜಿಕ್ಸ್. ನೀನು ಒಳಗೆ ಹೋದೆ, ನಾನು ಕಾಕಾನ ಜೊತೆ ಗೇಟಿನ ಹೊರಗೆ ಉಳಿದೆ. ಕಾಕಾ ಅಂಗಡಿಗೆ ಹೋಗಲಿಲ್ಲ, ಚಹಾ ಕುಡಿಯಲಿಲ್ಲ. ಮುಗಿಯುವ ಮೊದಲೇ ಹೊರಗೆ ಬಿಡುವ ಹೊತ್ತಾದಾಗ ಇಬ್ಬರು ಸೇರಿ ಒಬ್ಬ ಹುಡುಗಿಯನ್ನು ಹಿಡಿದುಕೊಂಡು ಹೊರಗೆ ತಂದರು. ತಲೆ ಬಗ್ಗಿತ್ತು, ನಿನ್ನಂಥದೇ ಜಡೆ. ಕಾಕಾ ಗೇಟು ಹಿಡಿದುಕೊಂಡರು. ಆಕೆ ಮುಖ ಎತ್ತಿದಳು. ನೀನಲ್ಲ. ನನಗೆ ಜೀವ ಬಂದಂತಾಯಿತು, ಆದರೆ ಆ ಹುಡುಗಿಯ ಅವ್ವ ನನ್ನ ಪಕ್ಕದಲ್ಲೇ ನಿಂತಿದ್ದಳು. ಆಕೆಯ ಕೈಯಿಂದ ಡಬ್ಬಿ ಬಿತ್ತು. ನಾನು ಎತ್ತಿಕೊಟ್ಟೆ. ನನಗೆ ಅವಳ ಮುಖ ನೋಡಲಾಗಲಿಲ್ಲ.

ಕೊನೆಯ ಗಂಟೆ ಆಯಿತು. ಒಬ್ಬೊಬ್ಬರೇ ಬಂದರು, ಗುಂಪು ಕರಗಿತು, ನೀನು ಬರಲಿಲ್ಲ. ಎಲ್ಲರಿಗಿಂತ ಹಿಂದೆ ನಿಧಾನ ನಡೆದು ಬಂದೆ. ಕಾಕಾ ನೀರಿನ ಬಾಟಲಿ ಮುಂದೆ ಚಾಚಿದರು. ನೀನೇ ಹೇಳಿದೆ.

"ಪೇಪರ ಕೈಯಾಗ ಬಂದ ಕೂಡಲೆ ಮತ್ತ ಎಲ್ಲಾ ಹೋತು. ಅಕ್ಷರನ ಕಾಣಲಿಲ್ಲ. ಪೆನ್ನ ಕೆಳಗಿಟ್ಟು ಕುಂತೆ. ಬಾಳ ಹೊತ್ತ ಕುಂತೆ. ಆಮ್ಯಾಲ ಒಂದ ಸಣ್ಣ ಪ್ರಶ್ನೆ ಕಂಡತು."

ನೀರು ಕುಡಿದು, ನನ್ನ ಕಡೆ ನೋಡಿ ಮತ್ತೆ ಹೇಳಿದೆ. "ಐದ ಮಾರ್ಕಿಂದ ಒಂದ ಲೆಕ್ಕಾ ಬಿಟ್ಟೆ, ಮನಿಷಾ. ಅರ್ಧಾ ಬರದಿದ್ದೆ. ಬರಲಿಲ್ಲ, ಬಿಟ್ಟ ಮುಂದ ಹೋದೆ."

ಒಂದು ಪ್ರಶ್ನೆಯನ್ನೂ ಬಿಟ್ಟು ಗೊತ್ತಿಲ್ಲದವಳು ನೀನು. ಕಾಕಾ ಅತ್ತ ತಿರುಗಿ ಟವೆಲಿನಿಂದ ಮುಖ ಒರೆಸಿಕೊಂಡರು. ಸೆಕೆಗೆ ಎಂದು ನೀನು ತಿಳಿದಿರಬಹುದು.

ಫಲಿತಾಂಶ ಏನಾಗುತ್ತದೋ ನನಗೆ ಗೊತ್ತಿಲ್ಲ. ನಾಡಿದ್ದು ಕೆಮಿಸ್ಟ್ರಿ. ನನ್ನ ಹೆದರಿಕೆ ಹೋಗಿಲ್ಲ, ನಿನ್ನದೂ ಹೋಗಿರಲಾರದು. ಬರುವುದಿದ್ದರೆ ಬರಲಿ. ನಿನ್ನ ಕೈಯಲ್ಲಿ ಎಷ್ಟಾಗುತ್ತದೋ ಅಷ್ಟು ಬರೆ, ಆಗದ್ದನ್ನು ಬಿಡು, ಮತ್ತೆ ಗೇಟಿನ ಹೊರಗೆ ನಮ್ಮ ಹತ್ತಿರ ಬಾ. ದೇವರಲ್ಲಿ ನಾನು ಕೇಳಿಕೊಳ್ಳುವುದು ಅದೊಂದೇ.

ನಾಡಿದ್ದು ಬೆಳಿಗ್ಗೆಯೇ ಗಾಡಿಯಲ್ಲಿ ಬರುತ್ತೇನೆ.

ನಿನ್ನವಳೇ,
ಮನಿಷಾ