ಮೊದಲ ಸಾಲಲ್ಲಿ ಇರಲಿಲ್ಲ ಅವ್ವ

ಫೆ. 3, ಸೋಮವಾರ, ಮಧ್ಯಾಹ್ನ
ಎರಡು ಕ್ಲಾಸ್ ಮುಗೀತು. ಸ್ಟಾಫ್ ರೂಮಲ್ಲಿ ಡಬ್ಬಿ ಬಿಚ್ಚೋ ಹೊತ್ತಿಗೆ ಗಿರಿರಾಜ್ ಫೋನು — ಅಪ್ಪಾಜಿಯ ಪಿಎ. ಅವ್ವ ಹೋಗಿ ಇಪ್ಪತ್ತು ದಿನ. ಭಾನುವಾರ ವಿಜಯನಗರದಲ್ಲಿ ನುಡಿನಮನ. 'ತ್ಯಾಗಮಯಿ ಶಶಿಕಲಾ ದೇವೇಂದ್ರಪ್ಪ' ಅಂತ ಪುಸ್ತಕ. ಅದರಲ್ಲಿ ನನ್ನ ಹೆಸರಿನ ಲೇಖನಾನೂ ಗಿರಿರಾಜ್ ಅವರೇ ಬರೆದಿದ್ದಾರೆ. ಒಂದ್ಸಲ ನೋಡಿ ಓಕೆ ಅನ್ನಿ ವಚನಾ ಮೇಡಂ, ಅಂದ್ರು.

ನೋಡಿದೆ. ಅಪ್ಪಾಜಿ ಮಂತ್ರಿಯಾಗಿ ಪ್ರಮಾಣವಚನ ತಗೊಂಡ ದಿನ ಅವ್ವ ಮೊದಲ ಸಾಲಲ್ಲಿ ಕೂತು ಆನಂದಬಾಷ್ಪ ಸುರಿಸಿದಳಂತೆ.

ಸುಳ್ಳು. ಶುದ್ಧ ಸುಳ್ಳು.

ಫೆ. 4
ಬರೆದಿಡ್ತೀನಿ. ಆಗ ನನಗೆ ಒಂಬತ್ತು ವರ್ಷ. ಮೆದುಳು ಜ್ವರ. ನರ್ಸಿಂಗ್ ಹೋಮ್ ಸೇರಿಸಿದ್ರು. ಪ್ರಮಾಣವಚನದ ದಿನ ಅವ್ವ ಸಮಾರಂಭಕ್ಕೆ ಅಂತ ರೇಷ್ಮೆ ಸೀರೆ ಉಟ್ಟಿದ್ಲು. ನನ್ನ ನೋಡ್ಕೊಂಡು ಹೋಗೋಣ ಅಂತ ಬಂದಳು. ಅಷ್ಟರಲ್ಲಿ ಫಿಟ್ಸ್ ಬಂತು ನನಗೆ. ಆ ಸೀರೆ ಮೇಲೇ ವಾಂತಿ. ಅಪ್ಪಾಜಿ ಎರಡು ಸಲ ಕಾರು ಕಳಿಸಿದ್ರು. ಎರಡು ಸಲಾನೂ ಡ್ರೈವರ್‌ನ ವಾಪಸ್ ಕಳಿಸಿದ್ಲು — "ಮಂತ್ರಿ ಆಗೋಕೆ ಅವರೊಬ್ಬರೇ ಸಾಕು. ಇಲ್ಲಿ ನಾನು ಬೇಕು."

ಹನ್ನೊಂದು ದಿನ ನನ್ನ ಹಾಸಿಗೆ ಬಿಟ್ಟು ಕದಲಲಿಲ್ಲ.

ಆಮೇಲೆ ಅಪ್ಪಾಜಿ ಎರಡು ತಿಂಗಳು ಅವಳ ಹತ್ರ ಮಾತು ಬಿಟ್ರು. ಮನೆಗೆ ಬಂದ ಹಿಂಬಾಲಕರಿಗೆಲ್ಲ ಕಾಫಿ ಕೊಡ್ತಾ ನಗ್ತಾನೇ ಇದ್ಲು. ಈಗ ತ್ಯಾಗಮಯಿ ಅಂತೆ... ಥೂ.

ಫೆ. 6, ಸಂಜೆ
ಬಸವೇಶ್ವರನಗರದ ಮನೆಗೆ ಹೋಗಿದ್ದೆ. ಆ ಒಂದು ಪ್ಯಾರಾ ತೆಗೆಸಿ ಅಂದೆ. ಅಪ್ಪಾಜಿ ಬ್ಯಾನರ್ ಡಿಸೈನ್ ನೋಡ್ತಾ ಇದ್ರು. ತಲೆ ಎತ್ತಲಿಲ್ಲ.

"ಸತ್ತವಳಿಗೆ ಮರ್ಯಾದೆ ಬರೋ ಹಂಗೆ ಬರೆಸಿದೀನಿ. ನಿನಗ್ಯಾಕೆ ತಕರಾರು?"

ಪ್ರಿಂಟ್ ಆಗೋಯ್ತಂತೆ. ಅಣ್ಣ ಚನ್ನವೀರೇಶ್ ಗೇಟ್ ತನಕ ಬಂದ. ಈ ಸಲ ಟಿಕೆಟ್ ಅವನಿಗೇ ಸಿಗೋ ಹಂಗಿದೆ, ಭಾನುವಾರ ದೊಡ್ಡವರೆಲ್ಲ ಬರ್ತಾರೆ, ಸುಮ್ನಿರು ಅಂದ.

ಹೆತ್ತವಳ ಸಾವೂ ಪ್ರಚಾರ ಇವರಿಗೆ.

ಫೆ. 9, ಭಾನುವಾರ
ನುಡಿನಮನದಲ್ಲಿ ಮಾತಾಡೋಕೆ ನನಗೆ ಎರಡು ನಿಮಿಷ ಕೊಟ್ಟಿದ್ರು. ಲೇಖನ ಓದಲಿಲ್ಲ.

"ಇದು ನಾನು ಬರೆದಿದ್ದಲ್ಲ. ಆ ದಿನ ಅವ್ವ ಮೊದಲ ಸಾಲಲ್ಲಿ ಇರಲಿಲ್ಲ. ಆಸ್ಪತ್ರೆಯಲ್ಲಿ ನನ್ನ ಪಕ್ಕ ಇದ್ದಳು."

ಇನ್ನೂ ಹೇಳೋದಿತ್ತು. ಗಿರಿರಾಜ್ ಮೈಕ್ ಆಫ್ ಮಾಡಿಸಿದ್ರು. ಅಣ್ಣ ಮುಖ ತಿರುಗಿಸಿದ. ಅವ್ವನ ಜೊತೆ ಮೂವತ್ತು ವರ್ಷ ಅಡುಗೆಮನೇಲಿ ದುಡಿದ ಶಾಂತವ್ವ ಮಾತ್ರ ಹಿಂದಿನ ಸಾಲಲ್ಲಿ ಎದ್ದು ನಿಂತ್ರು. ಅಷ್ಟು ಸಾಕು. ಊಟ ಮಾಡದೇ ಆಟೋ ಹತ್ತಿದೆ.

ಫೆ. 23, ಬೆಳಿಗ್ಗೆ 11
ಎರಡು ವಾರ ಯಾರದೂ ಫೋನಿಲ್ಲ. ಇವತ್ತು ನಾಗರಬಾವಿಯ ನನ್ನ ಬಾಡಿಗೆ ಮನೆಗೆ ಅಪ್ಪಾಜಿ. ಒಬ್ಬರೇ. ಇದೇ ಮೊದಲು. ಬೈಯ್ಯೋಕೆ ಬಂದಿದ್ದಾರೆ ಅಂತ ನಾನೂ ರೆಡಿಯಾಗಿದ್ದೆ. ಕೂತರು. ನೀರು ಕುಡಿದರು. ಲೋಟ ಕೆಳಗಿಟ್ಟು ಕೇಳಿದ್ರು —

"ಆವಾಗ ನಿನಗೆ ಏನಾಗಿತ್ತು?"

ಹದಿನೇಳು ವರ್ಷ ಆಯ್ತು. ಮಗಳ ಕಾಯಿಲೆ ಹೆಸರೂ ಗೊತ್ತಿಲ್ಲ ಈ ಮನುಷ್ಯನಿಗೆ. ಒಂದೇ ಒಂದು ಸಲ ಅವ್ವನ್ನ ಕೇಳಿದ್ರೆ ಹೇಳ್ತಿದ್ಲು. ಕೇಳಲಿಲ್ಲ.

ಉತ್ತರ ಕೊಡದೇ ರೂಮಿಗೆ ಬಂದು ಬರೀತಾ ಇದೀನಿ. ಅವರಿನ್ನೂ ಹೊರಗೆ ಕುರ್ಚೀಲೇ ಇದ್ದಾರೆ. ಹೋಗಿ ಹೇಳ್ತೀನಿ. ಇಲ್ಲಿ ಮೈಕ್ ಇಲ್ಲ, ಆಫ್ ಮಾಡೋಕೆ. ಪೂರ್ತಿ ಕೇಳಿಸ್ಕೊಂಡೇ ಎದ್ದು ಹೋಗ್ಬೇಕು ಇವತ್ತು. ಕರೀತಿದ್ದಾರೆ —