ಎರಡನೆಯ ಮೂಟೆಯ ಮಾತು

ಗಡಿಯ ಲಾರಿ ಯಾರ್ಡಿನ ಹಿಂದಿನ ಮನೆ
ಭಾನುವಾರ ಸಂಜೆ

ಗುಬ್ಬೀ, ನನ್ನ ಮಗಳೇ,

ಹೇಗಿದ್ದೀಯ? ಬಾಣಂತಿ ಮೈ, ತಣ್ಣೀರಲ್ಲಿ ಕೈಯಾಡಿಸಬೇಡ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ತಾನೆ? ಮೊಮ್ಮಗಳು ನಿನ್ನನ್ನು ಮಲಗಲು ಬಿಡುತ್ತಾಳೋ, ಇಲ್ಲ ನಿನ್ನ ಹಾಗೆಯೇ ಕೇರಿಯನ್ನೆಲ್ಲ ಎಬ್ಬಿಸುತ್ತಾಳೋ? ಅಳಿಯಂದಿರು ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳದೆ ಮೂಟೆ ಎತ್ತುತ್ತಾರೆ, ಬೈದು ಹೇಳು. ವಯಸ್ಸಿದ್ದಾಗ ಎಲ್ಲರೂ ಭೀಮರೇ, ಆಮೇಲೆ ನನ್ನ ಹಾಗೆ ಗೋಡೆ ಹಿಡಿದು ಏಳಬೇಕಾಗುತ್ತದೆ. ನನಗೇನೂ ತೊಂದರೆಯಿಲ್ಲ. ನೀನು ಕಳಿಸಿದ ಮಾತ್ರೆಗಳು ಬಂದವು. ಅಮ್ಮನ ದಿಂಬಿನ ಪಕ್ಕದಲ್ಲೇ ಇಟ್ಟಿದ್ದೇನೆ. ಅವಳ ವಿಷಯ ಆಮೇಲೆ ಬರೆಯುತ್ತೇನೆ.

ನಾಳೆ ಕೊನೆಯ ಲಾರಿಗಳು. ದೊಡ್ಡವರ ಜಗಳ ಎಲ್ಲಿಗೆ ಮುಟ್ಟಿತೆಂದರೆ, ನಮ್ಮ ಈರುಳ್ಳಿ ನಿಮ್ಮ ದೇಶಕ್ಕೆ ಬೇಡ, ನಿಮ್ಮ ಸಿಮೆಂಟು ನಮಗೆ ಬೇಡ. ಮೇಸ್ತ್ರಿ ನಮ್ಮನ್ನೆಲ್ಲ ಕರೆದು ಹೇಳಿದ. ಎಷ್ಟು ದಿನಕ್ಕೆ ಎಂದು ಕೇಳಿದರೆ ಆಕಾಶ ತೋರಿಸಿದ. ಗೋಣಿ ಹೊಲಿಯುವ ಅಜ್ಜಿ ಸೂಜಿಗೆ ದಾರ ಪೋಣಿಸಿದವಳು ಹೊಲಿಯದೆ ಹಾಗೇ ಕೂತಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತ ಸುಮ್ಮನೆ ಹೇಳಿಲ್ಲ. ಕೂಲಿ ಇನ್ನೆಲ್ಲಾದರೂ ಸಿಕ್ಕೀತು, ಅದರ ಚಿಂತೆ ನನಗಿಲ್ಲ. ನಾಡಿದ್ದಿನಿಂದ ನೀನು ನಕ್ಕರೂ ಅತ್ತರೂ ನನಗೆ ತಿಳಿಯುವುದಿಲ್ಲ, ಅದಕ್ಕೇ ಜೀವ ಹೆದರುತ್ತದೆ.

ನೀನು ಯಾರ್ಡಿನೊಳಗೆ ಬಂದವಳಲ್ಲ. ನಮ್ಮ ಲಾರಿ, ನಿಮ್ಮ ಲಾರಿ ಎರಡೂ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತವೆ. ನಡುವೆ ನೆಲದ ಮೇಲೆ ಒಂದು ಬಿಳಿ ಗೆರೆ. ಕಾಲು ದಾಟಬಾರದು, ಕೈ ದಾಟಬಹುದು. ಈ ಕಡೆಯಿಂದ ನಾನು ಕೊಡಬೇಕು, ಆ ಕಡೆಯಿಂದ ಅಳಿಯಂದಿರು ಹಿಡಿಯಬೇಕು. ಆ ಕಡೆಯವರೊಡನೆ ಮಾತಾಡುವಂತಿಲ್ಲ, ಇಬ್ಬರ ಕೈಯೂ ಮೂಟೆಯ ಮೇಲಿರುವಷ್ಟು ಹೊತ್ತು ಕದ್ದು ನಮ್ಮ ಮಾತು. ಫೋನು, ಅಂಚೆ ನಿಂತ ಮೇಲೆ ನಮಗೆ ಉಳಿದದ್ದು ಇದೊಂದೇ ದಾರಿ. ನಿನ್ನ ಹೆರಿಗೆಯ ದಿನ ನೆನೆದರೆ ಈಗಲೂ ನಗು ಬರುತ್ತದೆ. ಮೊದಲ ಮೂಟೆಗೆ "ನೋವು ಶುರುವಾಯ್ತು ಮಾವ" ಅಂದರು. ಎರಡನೆಯದಕ್ಕೆ "ಆಸ್ಪತ್ರೆಗೆ ಸೇರಿಸಿದ್ವಿ." ಮೂರನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಕಸ್ಟಮ್ಸ್ ಸಾಹೇಬರು ಬಂದು ಪಕ್ಕದಲ್ಲೇ ನಿಂತರು! ಲಾರಿ ಖಾಲಿಯಾಗುವವರೆಗೂ ಆ ಮನುಷ್ಯ ಕದಲಲಿಲ್ಲ, ನನ್ನ ಜೀವ ಬಾಯಿಗೆ ಬಂದಿತ್ತು. ಮುಂದಿನ ಲಾರಿಯ ಮೊದಲ ಮೂಟೆಗೆ "ಹೆಣ್ಣು ಮಾವ, ಇಬ್ಬರೂ ಚೆನ್ನಾಗಿದ್ದಾರೆ" ಅಂದರು. ಮನೆಗೆ ಬಂದು ಹೇಳಿದರೆ ಅಮ್ಮನಿಗೆ ಅಷ್ಟು ಸಾಲದು. ತನ್ನ ದಿಂಬನ್ನು ಮೂಟೆಯ ಹಾಗೆ ನನ್ನ ಕೈಗೆ ಕೊಟ್ಟು, "ಅವರು ಹೇಗೆ ಹೇಳಿದ್ರೋ ಹಾಗೇ ಹೇಳ್ರೀ" ಅಂತ ಎಲ್ಲವನ್ನೂ ಮೊದಲಿನಿಂದ ಮಾಡಿಸಿದಳು.

ನಿನ್ನನ್ನು ಅಲ್ಲಿಗೆ ಕೊಡುವಾಗ ಗೇಟು ಹಗಲೆಲ್ಲ ತೆರೆದಿರುತ್ತಿತ್ತು. ಬೆಳಿಗ್ಗೆ ಹೋಗಿ ಸಂಜೆ ಬರಬಹುದಲ್ಲ ಅಂತಲೇ ಅಮ್ಮ ಒಪ್ಪಿದ್ದು. ಆಮೇಲೆ ಮನುಷ್ಯರಿಗೆ ಗೇಟು ಹಾಕಿ ಸರಕಿಗೆ ತೆರೆದಿಟ್ಟರು. "ನನ್ನನ್ನೂ ಒಂದು ಗೋಣಿಗೆ ಹಾಕಿ ಬಾಯಿ ಹೊಲೀರಿ. ಮೇಲೆ ಈರುಳ್ಳಿ ಅಂತ ಬರೀರಿ, ಅಳಿಯಂದ್ರು ಇಳಿಸ್ಕೋತಾರೆ" ಅನ್ನುತ್ತಿದ್ದಳು. "ನಿನ್ನ ಭಾರಕ್ಕೆ ಎರಡು ಗೋಣಿ ಬೇಕು" ಅಂತ ನಾನು ರೇಗಿಸುತ್ತಿದ್ದೆ.

ಈ ಕಾಗದವನ್ನು ನಾಳೆ ಅಳಿಯಂದಿರ ಜೇಬಿಗೆ ತುರುಕುತ್ತೇನೆ. ಕೂಸಿಗೆ ಹೊಟ್ಟೆ ತುಂಬ ಹಾಲಿರಲಿ, ನಿನಗೆ ಕಣ್ತುಂಬ ನಿದ್ದೆಯಿರಲಿ. ಅತ್ತೆ ಮಾವಂದಿರಿಗೆ ನನ್ನ ನಮಸ್ಕಾರ ಹೇಳು. ಎಲ್ಲಿದ್ದರೂ ತಣ್ಣಗಿರು.

ನಿನ್ನ ಅಪ್ಪ

ಇನ್ನೊಂದು ಮಾತು. ಮೇಲೆ ಬರೆಯಲು ಕೈ ಏಳಲಿಲ್ಲ. ಅಮ್ಮ ಇಲ್ಲ, ಮಗಳೇ. ಅವಳನ್ನು ಮಣ್ಣು ಮಾಡಿದ ಮರುದಿನವೇ ನಾನು ಯಾರ್ಡಿಗೆ ಹೋದದ್ದು ನಿನಗೆ ಸುದ್ದಿ ಮುಟ್ಟಿಸಲೆಂದೇ. ಒಂದೇ ಸಲ ಹೇಳಬಾರದೆಂದು ಮೊದಲ ಮೂಟೆಗೆ "ನಿಮ್ಮತ್ತೆಗೆ ಹುಷಾರಿಲ್ಲ" ಅಂದೆ. ಎರಡನೆಯದಕ್ಕೆ ನಾನು ಬಾಯಿ ತೆರೆಯುವ ಮೊದಲೇ ಅಳಿಯಂದಿರು "ಔಷಧಿ ಕಳಿಸ್ತೀನಿ ಮಾವ, ಹುಷಾರಾಗ್ತಾರೆ ಬಿಡಿ" ಅಂದುಬಿಟ್ಟರು. ಆಮೇಲೆ ಎಷ್ಟು ಮೂಟೆ ದಾಟಿದರೂ ನನ್ನಿಂದ ಹೇಳಲಾಗಲಿಲ್ಲ. ಕೊನೆಕೊನೆಗೆ ಅವಳನ್ನು ಎತ್ತಿ ಕೂರಿಸುವಾಗ ಅರ್ಧ ಮೂಟೆಯಷ್ಟೂ ಭಾರವಿರಲಿಲ್ಲ. ಗೋಣಿಗೆ ಹಾಕಿ ಕಳಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ನಿನ್ನನ್ನು ನೋಡಿಯಾದರೂ ಹೋಗುತ್ತಿದ್ದಳು. ನೀನು ಇದನ್ನು ಓದುವಾಗ ಕೊನೆಯ ಮೂಟೆಯೂ ದಾಟಿರುತ್ತದೆ. "ಮಾವ ಯಾಕೋ ಮೂಟೆ ಬಿಡಲೇ ಇಲ್ಲ" ಅಂತ ನಿನ್ನ ಗಂಡ ಅಂದರೆ, ಯಾಕೆ ಅಂತ ನೀನೇ ಹೇಳು.